ಸುಮ್ಮನಿರುವ ಅಕ್ಷರ

ಅಮ್ಮತ್ತಿಯ ಶಾಲೆ. ನಾಲ್ಕನೇ ಕ್ಲಾಸು.
ಕೆ ಎನ್ ಐ ಎಫ್ ಇ ಎಂದು ಬರೆದು
‘ನೈಫ್’ ಅಂದೆ.
ಲೈನ್‌ಮನೆಯ ಚೋಮಿ ಎದ್ದು ನಿಂತಳು:
‘ಕೆ ಎಲ್ಲಿ ಹೋಯ್ತು ಟೀಚರ್?’

ಅಲ್ಲೇ ಇದೆ, ಸುಮ್ಮನಿದೆ.
ಬಾಯಿಗೆ ಬಾರದಿದ್ದರೂ ಬರೆಯಲೇಬೇಕು.

‘ಕೆಲಸ ಮಾಡದಿದ್ರೂ ಚೆಕ್‌ರೋಲಲ್ಲಿ ಹೆಸರಾ?
ನಮ್ಮ ರೈಟರಾಗಿದ್ರೆ ಅರ್ಧ ದಿನದ್ದೂ ಹಾಕ್ತಿರಲಿಲ್ಲ.
ಅವ್ವಂಗೆ ಜ್ವರ ಬಂದಾಗ ಹಾಕಲಿಲ್ಲ.’

ಸೀಮೆಸುಣ್ಣ ಮುರಿಯಿತು.
ಮೊಣಕಾಲು ಮುಟ್ಟಿ, ಮುಂದಿನ ಪದ,
‘ನೀ’ ಅಂದೆ.
‘ನಾನಾ?’ ಅಂದಳು.
ಇಡೀ ಕ್ಲಾಸು ನಕ್ಕಿತು, ಅವಳೂ.

ಕಾಫಿ ಹಣ್ಣಾಯಿತು.
ತಮ್ಮನನ್ನು ಕಾಯುತ್ತ ಗಿಡದ ಬುಡದಲ್ಲಿ
ಚೋಮಿ ಹದಿನಾರು ದಿನ ಬರಲಿಲ್ಲ.
ದಿನವೂ ಹೆಸರು ಕರೆದೆ.
ಹಿಂದೆ ಚಿಣ್ಣಪ್ಪ, ಮುಂದೆ ಜುಬೇದಾ,
ನಡುವೆ ಅದು ಸುಮ್ಮನಿತ್ತು.
ಹೊಡೆದುಹಾಕಿ ಅಂದರು ಹೆಡ್‌ಮಾಸ್ಟರು.
ಕೇಳಿಸದವಳಂತೆ ಪುಟ ಮಗುಚಿದೆ.

ಹದಿನೇಳನೇ ದಿನ
ಸೊಂಟದ ಮೇಲೆ ತಮ್ಮ, ಅಂಗೈ ತುಂಬ ಕಾಫಿ ಕರೆ,
ನೇರ ಬೋರ್ಡಿಗೆ ಬಂದು
‘ರೈಟರ್’ ಎಂದು ಇಂಗ್ಲಿಷಿನಲ್ಲಿ ಬರೆದಳು.
ಎಸ್ಟೇಟ್ ಆಫೀಸಿನ ಬಾಗಿಲಲ್ಲಿ ನೋಡಿದ್ದಳಂತೆ.

‘ಇಲ್ನೋಡಿ ಟೀಚರ್,
ಅವನ ಮುಂದೇನೇ ಒಂದು ಡಬ್ಲ್ಯೂ
ಕೆಲಸ ಇಲ್ದೆ ನಿಂತಿದೆ.
ಅವನಿಗೆ ಗೊತ್ತೇ ಇಲ್ಲ!’