ಐದನೆಯ ಬೆರಳು

ಅಕ್ಟೋಬರಿನ ಒಂದು ರಾತ್ರಿ ಪಾತ್ರೆ ತೊಳೆದ ಕೈ ಒರೆಸಿಕೊಂಡು
ಲೀಡ್ಸಿನಿಂದ ಎಡಿನ್‌ಬರೋಗೆ ಹೋಗುವ ದಾರಿಯನ್ನು
ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ
ನಾಲ್ಕು ತುಂಡು ಮಾಡಿದೆ.
ಯಾರ್ಕಿನವರೆಗೆ ಒಂದು, ಡಾರ್ಲಿಂಗ್ಟನ್ನಿಗೆ ಒಂದು,
ನ್ಯೂಕಾಸಲ್ಲಿಗೆ ಒಂದು, ಉಳಿದದ್ದು ಬಾಲ.
ಇಡೀ ಮೀನಿಗಿಂತ ಹೆಚ್ಚಿದ ಮೀನು ಅಗ್ಗವಾದ ಸೀಮೆ ಇದು.
ಯಾಕೆಂದು ಕೇಳುತ್ತ ಕೂತರೆ
ಅಷ್ಟರಲ್ಲಿ ಬೆಲೆ ಏರಿರುತ್ತದೆ.

ಇವರು ಅಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ.
ಡಿಸೆಂಬರಿನಲ್ಲಿ ರಜೆ ಕೇಳುವುದೆಂದರೆ
ಉರಿಯುವ ಒಲೆಗೆ ಸ್ವಲ್ಪ ಆರಿಕೋ ಎಂದ ಹಾಗೆ.
ಅದಕ್ಕೇ ನಾವು ಹೊರಟೆವು: ನಾನು, ಹೊನ್ನಿ,
ಬಟ್ಟೆಯಲ್ಲಿ ಸುತ್ತಿದ ಚಪಾತಿ, ಶೇಂಗಾ ಹಿಂಡಿ,
ಫ್ಲಾಸ್ಕಿನ ತುಂಬ ಚಹಾ.
ರೈಲಿನ ಒಂದು ಕಪ್ಪಿನ ದುಡ್ಡಿಗೆ
ನನಗೆ ವಾರದ ಹಾಲು ಬರುತ್ತದೆ.

ಇಪ್ಪತ್ತೆರಡನೇ ತಾರೀಖು, ಇನ್ನೂ ಕತ್ತಲು.
ಹೊನ್ನಿಗೆ ಆ ದಿನ ನಾಲ್ಕು ವರ್ಷ,
ಹನ್ನೊಂದು ತಿಂಗಳು, ಇಪ್ಪತ್ತೊಂಬತ್ತು ದಿನ.
ಐದು ತುಂಬುವ ತನಕ
ಇಲ್ಲಿನ ರೈಲುಗಳ ಕಣ್ಣಿಗೆ ಮಕ್ಕಳು ಬೀಳುವುದಿಲ್ಲ.
ಲೆಕ್ಕ ಹಾಕಿಯೇ ಆರಿಸಿದ್ದೆ ಆ ದಿನವನ್ನು,
ಜೋಯಿಸರು ಮುಹೂರ್ತ ಇಟ್ಟ ಹಾಗೆ.

ಟಿಕೆಟ್ಟಿನ ಪ್ರಕಾರ ನಾನು ಯಾರ್ಕಿನಲ್ಲಿ ಇಳಿದೆ.
ಟಿಕೆಟ್ಟಿನ ಪ್ರಕಾರ ಅದೇ ಗಳಿಗೆ ಹತ್ತಿದೆ.
ಇಳಿದವಳಿಗೂ ಹತ್ತಿದವಳಿಗೂ ಪರಿಚಯವಿಲ್ಲ;
ಇಬ್ಬರ ತೊಡೆಯ ಮೇಲೂ ಅದೇ ಮಗು
ಬಾಯಿ ತೆರೆದು ನಿದ್ದೆ ಹೋಗಿತ್ತು.
ಬೆರ್ವಿಕ್ ಹತ್ತಿರ ಒಮ್ಮೆಲೇ ಕಿಟಕಿಯ ತುಂಬ ಸಮುದ್ರ.
ಅದಕ್ಕೆ ಯಾರೂ ಬೇರೆ ಟಿಕೆಟ್ಟು ಕೇಳಲಿಲ್ಲ.

ಐದು ದಿನ, ಒಂದು ಕೋಣೆ.
ಬೆಳ್ಳುಳ್ಳಿ ವಾಸನೆಯ ಕೈಗಳಲ್ಲಿ ಇವರು
ಹೋಟೆಲಿನವರು ಬೇಡವೆಂದ, ಅಂಚು ಮುರಿದ ಕೇಕು ತಂದರು.
ಮುರಿದ ಕಡೆಯೇ ಐದು ಬತ್ತಿ ಚುಚ್ಚಿದೆವು.
ಹಾಡು ಮುಗಿಯುವ ಮೊದಲೇ ಗೋಡೆಗೊರಗಿ
ನಿಂತಲ್ಲೇ ನಿದ್ದೆ ಮಾಡಿದ್ದರು.

ವಾಪಸು ಬರುವ ದಿನ ಪ್ಲಾಟ್‌ಫಾರ್ಮಿನಲ್ಲಿ
ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.
“ಯಾರರೆ ಕೇಳಿದ್ರ ನಾಕು ಅನ್ನು. ಹೆಬ್ಬೆರಳು ಮಡಚು.”
ಮಡಚಿದಳು. ನೋಡಿದಳು. ಮತ್ತೆ ಬಿಚ್ಚಿದಳು.
“ಹಂಗಾರ ಕೇಕು ವಾಪಸ್ ಕೊಡಬೇಕೇನವ್ವಾ?”
ರೈಲು ಬಂತು. ನಾನು ಉತ್ತರ ಹೇಳಲಿಲ್ಲ.

ಆವತ್ತು ಜನವೋ ಜನ. ಸೂಟ್‌ಕೇಸುಗಳ ಮೇಲೆ,
ಬಾಗಿಲ ಬಳಿ, ಶೌಚಾಲಯದ ಗೋಡೆಗೆ ಅಂಟಿ.
ಕಂಡಕ್ಟರಮ್ಮ ತಲೆಯ ಮೇಲೆ ಬಟ್ಟೆಯ ಜಿಂಕೆಕೊಂಬು ಸಿಕ್ಕಿಸಿ
ಎಲ್ಲರನ್ನೂ ದಾಟಿಕೊಂಡು ಬಂದಳು.
ನನ್ನ ನಾಲ್ಕೂ ತುಂಡು ನೋಡಿ ತಲೆಯಾಡಿಸಿದಳು,
ಕೊಂಬೂ ಆಡಿತು.
ಹೊರಟವಳು ತಿರುಗಿ, ಸುಮ್ಮನೆ ಮುದ್ದಿಗೆ ಕೇಳಿದಳು:
ಎಷ್ಟು ವರ್ಷ ಪುಟ್ಟಿ ನಿನಗೆ?

ಹೊನ್ನಿ ನನ್ನನ್ನು ನೋಡಿದಳು.
ಅಂಗೈಯೊಳಗೆ ಹೆಬ್ಬೆರಳು
ಚಿಪ್ಪಿನೊಳಗಿನ ಜೀವದಂತೆ ಹೊರಳಿತು.
ಆಮೇಲೆ ಇಡೀ ಬೋಗಿಗೆ ಕಾಣುವಂತೆ
ಕೈ ಎತ್ತಿ, ಅಗಲಿಸಿ:
ಐದು! ಮೊನ್ನೆ ಮೊನ್ನೆಯಿಂದ!

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು,
ಅನ್ನುತ್ತಿದ್ದರು ನಮ್ಮಜ್ಜಿ.
ಅಡಿಕೆಯ ಬೆಲೆ ಅವತ್ತು
ಮೂವತ್ತನಾಲ್ಕು ಪೌಂಡು, ಅರವತ್ತು ಪೆನ್ನಿ.
ನಾಲ್ಕು ತುಂಡಿನಲ್ಲಿ ಉಳಿಸಿದ್ದು
ಒಂದೇ ಅರ್ಧ ಟಿಕೆಟ್ಟಿನಲ್ಲಿ ಹೋಯಿತು.
ಕಂಡಕ್ಟರಮ್ಮನ ಮುಖವೂ ಕೆಂಪಾಗಿತ್ತು,
ಕೇಳಬಾರದ್ದನ್ನು ಕೇಳಿಬಿಟ್ಟವಳಂತೆ.
ಮೆಷಿನ್ನು ಕಿರ್ರೆಂದು ಕಾಗದ ಉಗುಳಿತು.
ಅದನ್ನು ನನಗೆ ಕೊಡದೆ
ಬಾಗಿ ಅವಳಿಗೇ ಕೊಟ್ಟಳು.

ಯಾರ್ಕು ಬಂತು, ಹೋಯಿತು.
ಹೊನ್ನಿ ಮಲಗಲಿಲ್ಲ,
ಟಿಕೆಟ್ಟನ್ನು ಕಾಯುತ್ತ ಕೂತಳು.

ಲೀಡ್ಸಿನ ಗೇಟು
ಮುಗಿದ ಟಿಕೆಟ್ಟುಗಳನ್ನು ನುಂಗುತ್ತದೆ.
ನನ್ನದನ್ನು ಗುಳುಂ ಎನಿಸಿತು. ಅವಳು ಕೊಡಲೊಲ್ಲಳು.
ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು.
ಕೊನೆಗೆ ಗೇಟಿನವನು ತಳ್ಳುಗಾಡಿಗಳ ಅಗಲ ಬಾಗಿಲು ತೆರೆದ;
ಕಾಗದವನ್ನು ಎದೆಗವಚಿಕೊಂಡು
ಮದುವಣಗಿತ್ತಿಯಂತೆ ದಾಟಿದಳು.

ಹೊರಗೆ ಕೊರೆಯುವ ಗಾಳಿ, ಒದ್ದೆ ರಸ್ತೆ.
ಬಸ್ಸು ಇನ್ನೂ ತಿರುವಿನಲ್ಲೇ ಇತ್ತು.
ಆಗಲೇ ಹೊನ್ನಿ ಕೈಗವಸು ಕಿತ್ತು
ಐದೂ ಬೆರಳು ಎತ್ತಿ ನಿಂತಿದ್ದಳು.
ನಾನು ಪರ್ಸು ತೆರೆದು
ಚಿಲ್ಲರೆ ಹುಡುಕತೊಡಗಿದೆ.