ಹಗ್ಗ ನೋಡೋದು

ಮಳಿಗಾಲಕ್ಕ ಹದಿನೈದು ದಿನ ಮೊದಲು
ಫೋನ್ ಬರತಾವ.
ಕರೆಂಟಿನ ತಂತಿಗೆ ತಾಗಿದ ಬೇವು,
ರೈಲ್ವೆ ಕ್ವಾರ್ಟರ್ಸಿನ ಹಂಚಿನ ಮ್ಯಾಲ ವಾಲಿದ ಹುಣಸಿ,
ಮುಳಗುಂದ ನಾಕಾದಾಗ ಒಂದು ಮಳಿಗಿಡ:
ಅದರ ನೆರಳಿಗೆ ಐದು ಆಟೋ, ಒಂದು ಮಿರ್ಚಿ ಬಂಡಿ.
ಅದನ್ನ ಕಡಿಯೋದು ಯಾರಿಗೂ ಬ್ಯಾಡ,
ಟೊಂಗಿ ತಲಿ ಮ್ಯಾಲ ಬೀಳೋದೂ ಬ್ಯಾಡ.

ಎಷ್ಟು ತಗೋತಿ, ಅಂತಾರ, ಎತ್ತರ ನೋಡಿ.
ನಾ ಒಂದು ಸುತ್ತು ಹಾಕಿ
ಬುಡಕ್ಕ ಕೊಡ್ಲಿ ಹಿಂಬದಿಲೆ ಬಡದು ಕಿವಿ ಇಡತೀನಿ.
ಟಣ್ ಅಂದರ ಒಂದು ರೇಟು.
ಡಬ್ ಅಂದರ ಮನಿಗೆ ಹೋಗತೀನಿ.

ನಮ್ಮ ಸೋದರಮಾವ ತಿರಕಪ್ಪ ಬರಿಗಾಲಾಗ ಏರತಿದ್ದ.
ಪುಂಡಿನಾರಿನ ಹಗ್ಗ, ತಾನ ಹೊಸದದ್ದು.
ಹಲ್ಲಾಗ ಕುಡಗೋಲು ಕಚ್ಚಿ
ಅದರ ಸಂದಿಲೆ ಮಾತೂ ಆಡತಿದ್ದ.
ನಾಲ್ವತ್ತು ವರ್ಷ ಗಿಡದಿಂದ ಬೀಳಲಿಲ್ಲ.
ಬಿದ್ದದ್ದು ಬಸ್ಸಿನ ಪಾವಟಿಗಿ ಮ್ಯಾಲಿಂದ.
ಈಗ ಕಟ್ಟಿ ಮ್ಯಾಲ ಕುಂತು ನನ್ನ ಬೆಲ್ಟ್ ನೋಡಿ ನಗತಾನ.

ಮೊದಲನೇ ಬೆಲ್ಟ್ ಹುಬ್ಬಳ್ಳ್ಯಾಗ ತಗೊಂಡೆ,
ಮೊಬೈಲ್ ಟವರ್ ಏರೋ ಹುಡುಗನ ಕಡೆ, ಹಳೇದು.
ಅದರ ಬಳಿ ಬೆನ್ನಿಗೆ ಇತ್ತು.
ನಮಗ ಸೊಂಟದ ಮುಂದ ಬೇಕು, ಕುಂತು ಕೊಯ್ಯಾಕ.
ಬಿಚ್ಚಿಸಿ ಹೊಲಿಸತೀನಿ ಅಂದೆ.
ಬಿಚ್ಚಿದ್ದು ಮತ್ತ ಹೊಲದರೂ ಬಿಚ್ಚಿದ್ದ, ಅಂದಳು ಬನಶಂಕರಿ.
ಎರಡು ವರ್ಷ ರೊಕ್ಕ ಕೂಡಿಸಿದೆ.

ಬೂಟಿಗೆ ಕಟ್ಟೋ ಕಬ್ಬಿಣದ ಮುಳ್ಳು ಅದಾವ,
ಸತ್ತ ಗಿಡಕ್ಕಷ್ಟ.
ಜೀವ ಇದ್ದದ್ದಕ್ಕ ಹೆಜ್ಜಿಗೊಂದು ತೂತು ಕೊಟ್ಟು ಏರಿ
ನಿನಗ ಛಲೋ ಮಾಡಾಕ ಬಂದೀನಿ ಅಂದರ
ಅದು ನಂಬೀತೇನು?

ದಾವಲಗ ಪೆಟ್ರೋಲ್ ಗರಗಸದ ಹುಚ್ಚು.
ತಾಸಿನ ಕೆಲಸ ಹತ್ತು ನಿಮಿಷ ಅಂತಾನ. ಖರೆ.
ತಪ್ಪೂ ಅಷ್ಟ ಲಗೂ ಆಗತೈತಿ.
ಕೈಗರಗಸ ನಾ ದಣದರ ತಾನೂ ನಿಲ್ಲತೈತಿ.

ಹೆಲ್ಮೆಟ್ ಒಂದ ಇದ್ದಾಗ ಅವನ ಹಾಕ್ಕೋತಿದ್ದ,
ಕೆಳಗ ನಿಂತು ಹಗ್ಗ ಹಿಡಿಯಾವ.
ಮಂದಿ ನಗತಿದ್ದರು: ಏರಾವಗ ಇಲ್ಲ, ನಿಂತಾವಗ ಟೊಪಿಗಿ!
ನನ್ನ ಕೈಯಿಂದ ಜಾರಿದ್ದು ಎಲ್ಲಾ
ಹೋಗೋದು ಎಲ್ಲಿಗೆ ಅಂತ ಅವರಿಗೇನು ಗೊತ್ತು.

ಹಗ್ಗ ಮಾತ್ರ ಬನಶಂಕರಿ ನೋಡತಾಳ.
ಬೆಟಗೇರ್ಯಾಗ ಹುಟ್ಟಿದಾಕಿ, ಮಗ್ಗದ ಮನಿ.
ಉಂಡ ಮ್ಯಾಲ ಲೈಟ್ ಆರಿಸಿ
ನೂರಾಐವತ್ತು ಫೂಟ್ ಹಗ್ಗ ಒಂದು ಕೈಯಿಂದ ಇನ್ನೊಂದಕ್ಕ
ಬೆರಳಾಗ ದಾಟಿಸತಾಳ.
ಬೆಳಕಿದ್ದರ ಕಣ್ಣು ನಡಬರಕ ಬಾಯಿ ಹಾಕತೈತಂತ.

ಹೋದ ವರ್ಷ ಒಂದು ರಾತ್ರಿ ಕೈ ನಿಂತಿತು.
ಇಲ್ಲಿ ಎಳಿ ಸತ್ತಾವ.
ನಾ ಬ್ಯಾಟರಿ ಹಚ್ಚಿ ನೋಡಿದೆ. ಏನಿಲ್ಲ.
ಮ್ಯಾಲಿನ ಹೆಣಿಗಿ ಹೊಸಾ ಹೊಸಾ ಇತ್ತು.
ನಾಕು ಸಾವಿರದ ಇನ್ನೂರು, ಹನ್ನೊಂದು ತಿಂಗಳು ಆಗಿಲ್ಲ,
ನಾಳೆ ಕ್ವಾರ್ಟರ್ಸಿನ ಹುಣಸಿ ಐತಿ, ಅಡ್ವಾನ್ಸ್ ತಗೊಂಡೀನಿ,
ನಿನಗ ಸೀರಿ ತಿಳಿಯತಾವ, ಗಿಡ ತಿಳಿಯೂದಿಲ್ಲ —
ಏನೇನೋ ಅಂದೆ.
ಆಕಿ ಎದ್ದು
ಮಗ್ಗದಿಂದ ಸೀರಿ ಇಳಿಸೋ ಕತ್ತರಿ ತಂದು
ಅಲ್ಲೇ ಕತ್ತರಿಸಿದಳು.
ಮೂರು ಸಲ ಒತ್ತಬೇಕಾತು.

ಹುಣಸಿ ಬ್ಯಾರೆಯವಗ ಹೋತು.
ಲಕ್ಕುಂಡಿ ಕಡಿಯಾವ, ಬರೇ ನೈಲಾನ್ ದಾರ ಸೊಂಟಕ್ಕ ಸುತ್ತಿಕೊಂಡು
ಏರಿದ, ಕಡದ, ಇಳದ, ಚಾ ಕುಡದ.
ನಾ ಎದುರಿನ ಅಂಗಡ್ಯಾಗ ನಿಂತು ನೋಡಿದೆ.
ಆರು ಸಾವಿರ ಎಣಿಸಿ ಕಿಸೇಕ ಇಟ್ಟ.
ಮನಿಗೆ ಬಂದರ ಆಕಿ ಏನೂ ಕೇಳಲಿಲ್ಲ.

ಆ ತುದಿ ನಾ ಬಿಚ್ಚಿ ನೋಡಿಲ್ಲ.
ಆಕಿ ಅಂದದ್ದು ಖರೆ ಇದ್ದೀತು, ಸುಳ್ಳು ಇದ್ದೀತು.
ಖರೆ ಆದರ ಹಿಂದಿನ ಎಷ್ಟು ಗಿಡ ನೆನಸಿ ನಡುಗಬೇಕು?
ಸುಳ್ಳಾದರ
ನಾಳೆ ಎಂಬತ್ತು ಫೂಟಿನ ಮ್ಯಾಲ
ಯಾವ ಕೈ ನೆನಸಿ ಹಿಂದಕ ವಾಲಲಿ?

ಹಿತ್ತಲದಾಗ ಆ ತುಂಡಿನ ಮ್ಯಾಲ ಸೀರಿ ಒಣಗತಾವ.
ಗಾಳಿ ಬಿಟ್ಟರ ಭಾಳ ಜಗ್ಗತಾವ.
ಇನ್ನೂ ಹರದಿಲ್ಲ.