ಐದು ಅಂಕದ ಪ್ರಶ್ನೆ

ಓಲ್ಡಮ್ಮಿನ ಹೆಣ್ಣುಮಕ್ಕಳ ಶಾಲೆ, ಒಂಬತ್ತನೆಯ ಕೋಣೆ.
ಬೀರುವಿನಲ್ಲಿ ಆರು ಧರ್ಮ, ಆರು ಪ್ಲಾಸ್ಟಿಕ್ ಡಬ್ಬಿ.
ಜಪಮಾಲೆಯ ಡಬ್ಬಿಗೆ ಮುಚ್ಚಳ ಸರಿಯಾಗಿ ಕೂರದು,
ಶಂಖದೊಳಗೆ ಯಾರೋ ಪೆನ್ಸಿಲ್ ಸಿಪ್ಪೆ ತುರುಕಿದ್ದಾರೆ.
ಹದಿನೇಳು ವರ್ಷದಿಂದ ಬೀಗದಕೈ ನನ್ನ ಹತ್ತಿರ.

'ನೀವು ಯಾವುದನ್ನು ನಂಬುತ್ತೀರಿ, ಮಿಸ್?'
ಪ್ರತಿ ಸೆಪ್ಟೆಂಬರಿನಲ್ಲೂ ಯಾವಳೋ ಒಬ್ಬಳು ಕೇಳುತ್ತಾಳೆ.
'ಗಂಟೆಯನ್ನು' ಎನ್ನುತ್ತೇನೆ. ನಗುತ್ತಾರೆ. ಗಂಟೆ ಹೊಡೆಯುತ್ತದೆ.

ಈ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತೆಂಟು ಪತ್ರಿಕೆ.
ಸಾವಿನಾಚೆಯ ಬಗ್ಗೆ ಎರಡು ನಂಬಿಕೆ ವಿವರಿಸಿ. ಐದು ಅಂಕ.
ಸಫೂರಾ ಗೋರಿಯೊಳಗೆ ಕೇಳುವ ಪ್ರಶ್ನೆಗಳನ್ನೆಲ್ಲ ಬರೆದಿದ್ದಾಳೆ, ಪೂರ್ತಿ ಐದು.
ಬ್ರಾನ್ವೆನ್‌ಗೆ ಸ್ವರ್ಗ ಗೊತ್ತು, ಕಾಗುಣಿತ ಗೊತ್ತಿಲ್ಲ; ನಾಲ್ಕು.
ಟ್ಯಾಮ್ಸಿನ್, ಕೊನೆಯ ಬೆಂಚಿನವಳು, ಬಾಯಿ ಬಿಡದವಳು,
ಬರೆದದ್ದು ಒಂದೂವರೆ ಸಾಲು:

'ಅಜ್ಜಿಯ ಫೋನನ್ನು ಅಮ್ಮ ಈಗಲೂ ದಿನಾ ಚಾರ್ಜಿಗೆ ಹಾಕುತ್ತಾಳೆ.
ಯಾಕೆಂದು ನಾವು ಕೇಳಿಲ್ಲ.'

ಉತ್ತರಸೂಚಿ ತಿರುವಿದೆ, ಹಿಂದೆ, ಮುಂದೆ.
ಪುನರುತ್ಥಾನ ಇದೆ, ಪುನರ್ಜನ್ಮ ಇದೆ,
ಚಾರ್ಜಿಗೆ ಅಂಕವಿಲ್ಲ.

ಚಹಾ ಆರಿತು.
ಒಂದು ಕೊಟ್ಟೆ. ಹೊಡೆದುಹಾಕಿ ಎರಡು.
ಮತ್ತೆ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ,
ಎಲ್ಲರಿಗೂ ಬರೆಯುವ ಹಾಗೆಯೇ ಬರೆದೆ:
'ಇದು ಒಂದು ನಂಬಿಕೆ.
ಇನ್ನೊಂದು ಎಲ್ಲಿ?'